ಹತ್ತು ಸೆಕೆಂಡು, ಹತ್ತು ನಿಮಿಷ

ಮೊದಲು ಚೆನ್ನಾಗಿ ಕಲಕು, ಎಲ್ಶಾದ್,
ಆರುನೂರರ ವೇಗದಲ್ಲಿ,
ಹಿಂದಿನದೆಲ್ಲ ಅದಕ್ಕೆ ಮರೆತುಹೋಗುವ ಹಾಗೆ.
ಸಾಕು, ನಿಲ್ಲಿಸು. ಹತ್ತು ಎಣಿಸು.
ಈಗ ಮೂರಕ್ಕೆ ಹಾಕಿ ಮುಳ್ಳು ನೋಡು:
ಏರುತ್ತದೆ, ತಡೆದು ನಿಲ್ಲುತ್ತದೆ, ಸೋತು ಇಳಿಯುತ್ತದೆ.
ಇಳಿದ ಮೇಲಿನದಲ್ಲ,
ಸೋಲುವುದಕ್ಕೆ ಮುಂಚಿನ ಆ ತುದಿಯನ್ನು ಬರೆದುಕೋ.
ನಾಲ್ಕು.

ಮತ್ತೆ ಕಲಕು. ಈ ಸಲ ಹತ್ತು ನಿಮಿಷ.
ಮೇಜಿಗೆ ಮೊಣಕೈ ಊರಬೇಡ. ಬಟ್ಟಲು ಅಲುಗಬಾರದು.
ಹೊರಗೆ ಖಜ್ರಿ ಗಾಳಿ, ಕ್ಯಾಸ್ಪಿಯನ್ನಿನ ಉಪ್ಪನ್ನು
ಕಿಟಕಿಗೆ ಎರಚುತ್ತಿದೆ, ಎರಚಲಿ.
ಚಹಾ ಬಗ್ಗಿಸಿಕೋ, ಸಕ್ಕರೆ ತುಂಡು ಹಲ್ಲಿನಡಿ ಇಟ್ಟುಕೋ.
ನೀನು ಸುಮ್ಮನಿರುವಾಗಲೂ ಅದು ಸುಮ್ಮನಿಲ್ಲ.
ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಜೇಡಿಯ ಹಾಳೆಗಳು
ಒಂದರ ಅಂಚು ಇನ್ನೊಂದರ ಬೆನ್ನಿಗೆ ಆತುಕೊಂಡು
ಇಸ್ಪೀಟೆಲೆಯ ಮನೆ ಕಟ್ಟುತ್ತಿವೆ,
ಕೋಣೆ ಕೋಣೆಯಲ್ಲೂ ನೀರು ಸೆರೆ.

ಮೊಸರಿನಂತೆ ಎಂದೆಯಲ್ಲ ನಿನ್ನೆ? ಅಲ್ಲ.
ಕಡೆದ ಮೊಸರು ಮಜ್ಜಿಗೆಯಾದರೆ ಆಯಿತು,
ಹಿಂದಿರುಗಿ ಬರುವುದಿಲ್ಲ.
ಇದು ಬರುತ್ತದೆ. ನೂರು ಸಲ ಮುರಿ,
ನೂರು ಸಲವೂ ಮೊದಲ ಸಲದಂತೆ ಕೂಡುತ್ತದೆ.
ಪುಸ್ತಕದಲ್ಲಿ ಅದಕ್ಕೊಂದು ಉದ್ದ ಹೆಸರಿದೆ,
ಪರೀಕ್ಷೆಗೆ ಮಾತ್ರ ಬೇಕು.

ಹೋದ ಚಳಿಗಾಲ ಕರೆಂಟು ಹೋಯಿತು.
ಎರಡು ಸಾವಿರದ ಮುನ್ನೂರು ಮೀಟರು ಕೆಳಗೆ ಕೊಳವೆ,
ಪಂಪು ಸತ್ತು ಬಿದ್ದಿದೆ,
ಬಾವಿಯ ಉದ್ದಕ್ಕೂ ಕೊರೆದ ಕಲ್ಲಿನ ಚೂರು, ಅರ್ಧ ದಾರಿಯಲ್ಲಿ.
ಬರೀ ನೀರಾಗಿದ್ದರೆ ಎಲ್ಲವೂ ತಳಕ್ಕೆ ಇಳಿದು
ಕೊಳವೆಯ ಕುತ್ತಿಗೆ ಹಿಡಿಯುತ್ತಿತ್ತು.
ಕೆಸರು ಹಿಡಿದುಕೊಂಡಿತು. ನಿಂತಲ್ಲೇ ಗಟ್ಟಿಯಾಗಿ
ಒಂದೊಂದು ಚೂರನ್ನೂ ಅದರದರ ಜಾಗದಲ್ಲಿ,
ಕತ್ತಲಲ್ಲಿ, ಒಂದೂಮುಕ್ಕಾಲು ಗಂಟೆ.

ಕರೆಂಟು ಬಂತು. ಆಗಾಸಲೀಮ್ ಪಂಪಿನ ಸನ್ನೆಗೋಲಿಗೆ ಕೈ ಹಾಕಿದ,
ಪೂರ್ತಿ ಒತ್ತಡ, ಒಂದೇ ಏಟಿಗೆ.
ನಾನು ಕೂಗಿದ್ದು ಆಚೆ ಊರಿಗೂ ಕೇಳಿರಬೇಕು.
ಹಾಗೆ ನೂಕಿದರೆ ಕೆಸರು ಮುರಿಯುವ ಮುಂಚೆ
ಬಂಡೆ ಸೀಳುತ್ತದೆ, ಮಾರಾಯ!
ಮೊದಲು ಕೊಳವೆ ತಿರುಗಿಸು, ಬರೀ ತಿರುಗಿಸು.
ಆಮೇಲೆ ಪಂಪು, ಒಂದೊಂದೇ ಬಡಿತ.
ಬೈದುಕೊಳ್ಳುತ್ತಲೇ ತಿರುಗಿಸಿದ.
ಬೆಳಗಿನ ಜಾವ ಜರಡಿಯ ಮೇಲೆ
ಬೂದು ಚೂರುಗಳು ಒಂದೊಂದಾಗಿ ಬಂದು ಬಿದ್ದವು.
ಒಂದನ್ನು ಜೇಬಿಗೆ ಹಾಕಿಕೊಂಡೆ. ಯಾಕೆಂದು ಕೇಳಬೇಡ.

ಲಂಕರಾನಿನಲ್ಲಿ ನನ್ನ ಅಕ್ಕ ಇದ್ದಾಳೆ, ಖುಮಾರ್.
ಅಮ್ಮನ ನಲವತ್ತನೆಯ ದಿನದ ಊಟದಲ್ಲಿ
ಒಂದು ಹೊಲಿಗೆ ಯಂತ್ರದ ಮೇಲೆ ಮಾತು ನಿಂತದ್ದು.
ಆರು ವರ್ಷ.
ಅವಳಿಗೆ ಬರೆದ ಕಾಗದಗಳೆಲ್ಲ ನನ್ನಲ್ಲೇ ಇವೆ,
ಒಂದೊಂದೂ ಪೂರ್ತಿ ಒತ್ತಡದ್ದು:
ನೀನು ಅಂದು ಯಾಕೆ, ನೀನು ಹೇಗೆ, ನೀನು ಯಾವ ಬಾಯಲ್ಲಿ.
ಆರು ವರ್ಷದಲ್ಲಿ ಏನೂ ತಳಕ್ಕೆ ಇಳಿದಿಲ್ಲ, ಗೊತ್ತಾ?
ಅವಳ ಕೆಮ್ಮು, ಅವಳ ಚಾಪೆಯ ಮೇಲಿನ ಅಕ್ಕಿ,
ಅವಳು ಎಸೆದ ತಟ್ಟೆ, ಎಲ್ಲ ಎಸೆದಲ್ಲೇ ಗಾಳಿಯಲ್ಲಿದೆ.
ಅವತ್ತು ಶಿಫ್ಟು ಮುಗಿಸಿ ಫೋನು ಮಾಡಿದೆ.
ಹೈವಾ ಮರ ಈ ಸಲ ಹಣ್ಣು ಬಿಟ್ಟಿತ್ತೇ, ಎಂದೆ.
ಅಷ್ಟೇ. ತುಂಬ ಹೊತ್ತು ಆ ಕಡೆ ಬರೀ ಉಸಿರು.
ಆಮೇಲೆ, ಹುಳು ಬಿದ್ದಿದೆ, ಎಂದಳು.
ಮೂರರ ಗೇರು.
ಇಂಥ ಮುಳ್ಳಿಗೆ ತುದಿ ಎಲ್ಲಿ ಅಂತ
ನನಗೆ ಓದಲು ಬರುವುದಿಲ್ಲ.

ಗಡಿಯಾರ ನೋಡಿದೆಯಾ? ಎಷ್ಟು?
ಹದಿನಾಲ್ಕೇ?
ನನ್ನ ಬಾಯಿಗಿಷ್ಟು ಮಣ್ಣು ಹಾಕ.
ಬೇಡ, ಬರೆಯಬೇಡ, ಅದು ಲೆಕ್ಕಕ್ಕಿಲ್ಲ.
ಚಹಾ ಲೋಟ ಆಚೆ ಇಡು.
ಮೊದಲಿನಿಂದ ಕಲಕು.