ಜನವರಿಯ ಪಟ್ಟಿ

ಹಲ್ ಊರಿನ ಬಸ್ ಡಿಪೋದಲ್ಲಿ ಪಾಳಿ ಹಂಚುವ ನೆವಿಲ್
ಹಳೇ ರೋಸ್ಟರಿನ ಬೆನ್ನಿಗೆ ಬರೆಯುತ್ತಾನೆ:
ಈ ವರ್ಷ ಇನ್ನೂರು ಈಟಿಗಾರರು,
ಅರವತ್ತು ಕುದುರೆ,
ಅಕ್ಟೋಬರಿನೊಳಗೆ ನೇಸ್ಬಿ ಕದನ.

ಹೋದ ವರ್ಷವೂ ಇದನ್ನೇ ಬರೆದಿದ್ದ.
ಬಣ್ಣ ಕಂಡವರು ನಲವತ್ತೊಂದು ಮಂದಿ.

ಜ್ವರದ ಚಾಲಕರು, ಹಿಮದಲ್ಲಿ ಕೆಟ್ಟು ನಿಂತ ಹದಿಮೂರನೇ ನಂಬರು,
ಯಾರ ಬದಲಿಗೆ ಯಾರೆಂದು ಹಗಲೆಲ್ಲ ಹೊಂದಿಸಿದವನಿಗೆ
ರಾತ್ರಿ, ಹೆಬ್ಬೆರಳ ಗೆಣ್ಣಿನಷ್ಟು ಸೈನ್ಯ.
ಯಾರೂ ರಜೆ ಕೇಳುವುದಿಲ್ಲ.

ಮೂರು ಕೂದಲಿನ ಕುಂಚ. ಗುಂಡಿ, ಬೆಲ್ಟು, ಬೂಟಿನ ಕೆಸರು.
ರಾಜನ ಕಡೆಯವರಿಗೂ ಸಂಸತ್ತಿನ ಕಡೆಯವರಿಗೂ
ಒಂದೇ ಡಬ್ಬಿಯ ಮುಖಬಣ್ಣ.

"ಯಾರು ಗೆದ್ದರು?" ಬಾಗಿಲಲ್ಲಿ ಡೋರೀನ್.
"ತಡಿ, ಇನ್ನೂ ಚಡ್ಡಿ ತೊಡಿಸ್ತಿದೀನಿ."

ನಾಲ್ಕೂವರೆಗೆ ಅಲಾರಂ.
ಡೋಲಿನ ಹುಡುಗನಿಗೆ ಒಂದು ಕಣ್ಣು ಬಂದಿದೆ;
ಅದೊಂದರಲ್ಲೇ ಪಿಳಿಪಿಳಿ ನೋಡುತ್ತಾನೆ,
ಇನ್ನೊಂದು ಯಾವಾಗ ಎಂಬಂತೆ.