ಇನ್ನೊಂದು ಕೈ ಜೇಬಿನಲ್ಲಿ

ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ ಮುಗಿಸಿ ಬಂದವಳ ಕಿವಿಯಲ್ಲಿ
ರೋಲಿಂಗ್ ಮಿಲ್ಲು ಇನ್ನೂ ಉರುಳುತ್ತಿರುತ್ತದೆ,
ಬಿಸಿನೀರು ಸುರಿದುಕೊಂಡರೂ ಇಳಿಯದ ಸದ್ದು.
ಅದಕ್ಕೇ ಗ್ಯಾರೇಜಿಗೆ ಹೋಗುತ್ತೇನೆ.
ವಾಷಿಂಗ್ ಮಷೀನಿನ ಪಕ್ಕ
ಹಳೆಯ ಕದವೊಂದನ್ನು ಮಲಗಿಸಿ ಮಾಡಿದ ಮೇಜು,
ಅದರ ಮೇಲೆ ಹದಿನಾಲ್ಕು ತಿಂಗಳಿಂದ
ಹುಟ್ಟುತ್ತಲೇ ಇರುವ ಒಂದು ಪೆಟ್ಟಿಗೆ.

ಹೆಡ್‌ಫೋನಿಗೆ ಮಾತ್ರ. ಕೋಣೆ ತುಂಬುವುದಿಲ್ಲ ಇದು,
ಒಂದು ತಲೆ ತುಂಬುತ್ತದೆ, ಅಷ್ಟೆ.
ಅಷ್ಟಕ್ಕೆ ಇಷ್ಟು ಭಾರವೇ ಎಂದಳು ಪಕ್ಕದ ಮನೆಯ ಗ್ಲೆನಿಸ್, ಎತ್ತಿ ನೋಡಿ.
ಭಾರವೆಲ್ಲ ಟ್ರಾನ್ಸ್‌ಫಾರ್ಮರಿನ ಕಬ್ಬಿಣ,
ನಾನು ದಿನಾ ಕಾಣುವ ಕಬ್ಬಿಣದ ದಾಯಾದಿ,
ಹಪ್ಪಳ ಪೇರಿಸಿದ ಹಾಗೆ ಒಂದರ ಮೇಲೊಂದು.
ಬೆಲೆ ಕೇಳಿದಳು. ಅರ್ಧ ಹೇಳಿದೆ.
ಅರ್ಧಕ್ಕೇ ಬಾಯಿಯ ಮೇಲೆ ಕೈಯಿಟ್ಟಳು.

ವಾಲ್ವುಗಳನ್ನು ಕೊಟ್ಟವನು ಟ್ರಾಯ್ಚೆ,
ಮ್ಯಾಸಿಡೋನಿಯಾದಿಂದ ಬಂದು ನಲವತ್ತು ವರ್ಷ
ಇಲ್ಲಿ ಮೋಟಾರು ಸುತ್ತಿದವನು.
ನಿವೃತ್ತಿಯ ದಿನ ಬಿಸ್ಕತ್ತಿನ ಡಬ್ಬಿ ತಂದ.
ಒಳಗೆ ನನಗೆ ಓದಲು ಬಾರದ ಲಿಪಿಯ ಕಾಗದ ಸುತ್ತಿಕೊಂಡು
ಆರು ಗಾಜಿನ ಮರಿಗಳು ಮಲಗಿದ್ದವು.
“ಮುನ್ನೂರು ವೋಲ್ಟು, ಮರೆಯಬೇಡ.
ಒಂದು ಕೈ ಕೆಲಸಕ್ಕೆ, ಇನ್ನೊಂದು ಜೇಬಿಗೆ.
ಎರಡೂ ಕೊಟ್ಟರೆ ಅದು ಎದೆಯಲ್ಲೇ ಹಾದುಹೋಗುತ್ತದೆ.”
ಕರೆಂಟಿನ ಬಗ್ಗೆಯೇ ಹೇಳಿದ್ದು, ಬಹುಶಃ.

ಮೂರು ವಾರ ಅದು ಗುಂಯ್ ಅಂದಿತು.
ನೆಲದ ತಂತಿಗಳನ್ನೆಲ್ಲ ಬಿಚ್ಚಿ
ಒಂದೇ ಬೋಲ್ಟಿಗೆ ತಂದು ಕಟ್ಟಿದ ಮೇಲೆ
ಸುಮ್ಮನಾಯಿತು.
ಸ್ವಿಚ್ ಒತ್ತಿ ನಲವತ್ತು ಸೆಕೆಂಡು ಕಾಯಬೇಕು.
ಮೊದಲು ಏನೂ ಇಲ್ಲ. ಆಮೇಲೆ ಗಾಜಿನೊಳಗೆ
ಸಾಸಿವೆ ಕಾಳಷ್ಟು ಕಿತ್ತಳೆ ಬಣ್ಣ.
ಆಮೇಲೆ ವೀಣೆ.
ವೀಣೆಗಿಂತ ಮೊದಲು, ನುಡಿಸುವವಳು
ಮೂಗಿನಲ್ಲಿ ಎಳೆದುಕೊಂಡ ಉಸಿರು.
ಇಷ್ಟು ವರ್ಷ ಅದೇ ಮುದ್ರಣ ಕೇಳಿದ್ದೆ,
ಆಕೆಗೆ ಅಂದು ನೆಗಡಿಯಾಗಿತ್ತೆಂದು ಗೊತ್ತಿರಲಿಲ್ಲ.

ಮೇದಿನಿಗೆ ಒಂಬತ್ತು ವರ್ಷ. ತಲೆಗೆ ದೊಡ್ಡದಾದ ಹೆಡ್‌ಫೋನನ್ನು
ಎರಡೂ ಕೈಯಲ್ಲಿ ಒತ್ತಿಕೊಂಡು ಹೇಳಿದಳು:
“ಚೆನ್ನಾಗಿದೆ ಅಮ್ಮಾ. ಆದರೆ ಹಿಂದೆ ಯಾರೋ
ಸೂಜಿ ಎಳೀತಿದಾರೆ. ಕಿಯ್ಯ್ ಅಂತ.”
ಇಲ್ಲವಲ್ಲ ಎಂದೆ.
ಇದೆ ಎಂದಳು.

ಕಾರ್ಖಾನೆಯವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷಿಸಿ
ಒಂದು ಹಾಳೆ ಕೊಡುತ್ತಾರೆ. ಮಡಿಸಿ ಡ್ರಾಯರಿನಲ್ಲಿಟ್ಟಿದ್ದೇನೆ.
ಅದರಲ್ಲಿ ನನ್ನ ಗೆರೆ ನಾಲ್ಕು ಸಾವಿರದ ಹತ್ತಿರ
ಮೆಟ್ಟಿಲಿಲ್ಲದ ಬಾವಿಗೆ ಇಳಿಯುತ್ತದೆ.
ಐವತ್ತು ಸಾವಿರದವರೆಗೆ ಹಾಡಬಲ್ಲ ಯಂತ್ರವನ್ನು ಕಟ್ಟಿದ್ದೆ,
ಆರು ಸಾವಿರಕ್ಕೇ ಅಗುಳಿ ಹಾಕುವ ಕಿವಿಗೆ.

ಆ ಭಾನುವಾರ ಅವಳನ್ನು ದೂರದ ಸ್ಟೂಲಿನ ಮೇಲೆ ಕೂರಿಸಿ
ಎಡಗೈ ಜೇಬಿಗೆ ಹಾಕಿ
ನೂಡಲ್ಸ್ ತಿನ್ನುವ ಮರದ ಕಡ್ಡಿಯಿಂದ
ಒಂದೊಂದೇ ತಂತಿಯನ್ನು ಸರಿಸುತ್ತ ಹೋದೆ.
“ಇದೆ. ಇದೆ. ಜಾಸ್ತಿಯಾಯ್ತು.
ಇದೆ. ಅಮ್ಮಾ, ಹಸಿವು. ಇದೆ.
ಹೋಯ್ತು! ಅಯ್ಯೋ, ಬಂತು.”
ಆಫ್ ಮಾಡಿ, ಕೆಪಾಸಿಟರುಗಳು ಬರಿದಾಗುವವರೆಗೆ ದೋಸೆ ತಿಂದು,
ಎರಡನೇ ವಾಲ್ವಿನ ಕಾಲಿಗೆ ಭತ್ತದ ಕಾಳಿನಂಥ
ಒಂದು ರೆಸಿಸ್ಟರ್ ಬೆಸೆದೆ.
ಎಪ್ಪತ್ತು ಸೆಂಟಿನ ಸಾಮಾನು.

“ಈಗ?”
ಅವಳು ಬಹಳ ಹೊತ್ತು ಕೇಳಿದಳು,
ಕಣ್ಣು ಚಾವಣಿಯಲ್ಲಿ, ತುಟಿಯಂಚಿನಲ್ಲಿ ಚಟ್ನಿ.
“ಈಗ ಏನೂ ಇಲ್ಲ.”

ಆ ಏನೂ ಇಲ್ಲದ್ದು ನನಗೂ ಮೊದಲಿನಿಂದ ಇತ್ತು.
ಈಗ ಅದನ್ನು ಅವಳ ಮಾತಿನ ಮೇಲೆ ಕೇಳುತ್ತೇನೆ,
ಬೇರೆಯದೇ ರುಚಿ.

ಪಾಳಿಗೆ ಹೊತ್ತಾದಾಗ ಸ್ವಿಚ್ ಆರಿಸುತ್ತೇನೆ.
ವೀಣೆ ತಕ್ಷಣ ನಿಲ್ಲುವುದಿಲ್ಲ,
ಒಳಗೆ ಉಳಿದಷ್ಟನ್ನು ಖರ್ಚು ಮಾಡುತ್ತ
ಹತ್ತೋ ಹನ್ನೆರಡೋ ಸೆಕೆಂಡು ನುಡಿಯುತ್ತದೆ.
ಬೂಟಿನ ಲಾಡಿ ಕಟ್ಟಲು
ಅಷ್ಟು ಸಾಲುವುದಿಲ್ಲ. ಒಂದೇ ಬೂಟಿಗೆ ಸಾಕು.