ಕುರ್ಚಿಗೆ ಅಡ್ಡ ಇಡುವ ಹಲಗೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ ನನ್ನ ಅಂಗಡಿ.
ಎರಡು ಕುರ್ಚಿ, ಒಂದು ಟೀವಿ,
ಮೂವರ ಬೆಂಚಿನಲ್ಲಿ ಐವರು,
ಗಾಳಿ ತಿರುಗಿದರೆ ಬೇಯುವ ಗೂಡಿನ ನಾತ.
ಮೂಲೆಯಲ್ಲೊಂದು ಹಲಗೆ. ಮಕ್ಕಳು ಬಂದರೆ
ಕುರ್ಚಿಯ ಕೈಗಳಿಗೆ ಅಡ್ಡ ಇಟ್ಟು ಕೂರಿಸುತ್ತೇನೆ,
ತಲೆ ಕನ್ನಡಿಗೆ ಎಟುಕಲಿ ಅಂತ.
ಚಲಪತಿಯೂ ಅದರ ಮೇಲೆ ಕೂತೇ ಬೆಳೆದವನು.
ಕತ್ತರಿ ಕಿವಿಯ ಹತ್ತಿರ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದ.
ಆಗಲೇ ಅವರಪ್ಪನಿಗೆ ಅಂದಿದ್ದೆ,
ಇವನಿಗೆ ದಮ್ಮಿದೆ ಕಣಯ್ಯಾ.

ಆಮೇಲಿನದು ಊರಿಗೇ ಗೊತ್ತು.
ಕೆರೆಯಂಗಳದ ಮಣ್ಣಿಂದ ದೀಪ ಕೋರೈಸುವ ಮ್ಯಾಟಿಗೆ.
ಎಡಗಿವಿಯ ಮೇಲೆ ಅವನಿಗೊಂದು ಬಾಗಿದ ಗೆರೆ ಇತ್ತಲ್ಲ,
ಅದು ಸ್ಟೈಲ್ ಅಲ್ಲ, ನನ್ನ ಟ್ರಿಮ್ಮರ್ ಜಾರಿದ್ದು.
ಇರಲಿ ಬಿಡಣ್ಣ ಅಂತ ನಕ್ಕು ಹೋದವನು
ಮರುವಾರ ಒಂದೇ ಮ್ಯಾಚಿನಲ್ಲಿ ಹದಿನಾರು ಪಾಯಿಂಟು ತಂದ.
ಈ ತಿಂಗಳೊಂದರಲ್ಲೇ ನಲವತ್ತಮೂರು ತಲೆಗೆ
ಆ ತಪ್ಪನ್ನು ಬೇಕಂತಲೇ ಹಾಕಿದ್ದೇನೆ.
ಕಟಿಂಗಿಗೆ ಐವತ್ತು, ಗೆರೆಗೆ ಹತ್ತು ಜಾಸ್ತಿ.

ಮಂಗಳವಾರ ಟೀವಿಯಲ್ಲಿ ಬಂತು.
ಮೂತ್ರದ ಪರೀಕ್ಷೆ, ನಾಲಿಗೆ ತಿರುಗದ ಒಂದು ಔಷಧದ ಹೆಸರು,
ಎರಡು ವರ್ಷ ಕಣಕ್ಕೆ ಇಳಿಯುವ ಹಾಗಿಲ್ಲ.
ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಕತ್ತು ತಿರುಗಿಸಿದ,
ಸ್ವಲ್ಪದರಲ್ಲಿ ಗಾಯ ತಪ್ಪಿತು.
ಎಲ್ಲರೂ ತಗೋತಾರೆ, ಸಿಕ್ಕಿಬಿದ್ದೋನು ಇವನು, ಅಂದರು ಒಬ್ಬರು.
ಊರ ಮರ್ಯಾದೆ ಹೋಯ್ತು, ಅಂದರು ಇನ್ನೊಬ್ಬರು;
ಅವರು ಹಳೇ ಬಾಕಿ ಕೊಡದೆ ಎದ್ದು ಹೋದರು.

ಬುಧವಾರ ತಬ್ರೇಜ್ ಬಂದ,
ರೀಲರ್ ಪಾಷ ಅವರ ಮಗ, ನಾಲ್ಕನೇ ಕ್ಲಾಸು.
ಗೆರೆ ಅಳಿಸಿಕೊಂಡು ಬಾ ಅಂತ ಹೆಡ್‌ಮೇಷ್ಟ್ರು ಕಳಿಸಿದ್ದರು.
ಹೇಗೆ ಅಳಿಸಲಿ ಮಗಾ?
ಉಳಿದದ್ದನ್ನೆಲ್ಲ ಅದರ ಮಟ್ಟಕ್ಕೆ ಬೋಳಿಸಬೇಕು,
ಇಲ್ಲವೇ ಬೆಳೆಯುವ ತನಕ ಕಾಯಬೇಕು.
ಅವನು ಕನ್ನಡಿ ನೋಡಲಿಲ್ಲ,
ಹಲಗೆಯ ಅಂಚನ್ನು ಉಗುರಲ್ಲಿ ಕೆರೆಯುತ್ತಿದ್ದ.
ನಾಳೆ ಬರ್ತೀನಿ, ಅಂತ ಇಳಿದ.

ರಾತ್ರಿ ಒಂಬತ್ತೂವರೆಗೆ ಚಲಪತಿ, ಹೆಲ್ಮೆಟ್ಟು ತೆಗೆಯದೆ.
ಶಟರ್ ಅರ್ಧ ಇಳಿಸಣ್ಣ. ಪೂರ್ತಿ ಬೋಳಿಸು.
ನೀರು ಚಿಮುಕಿಸಿದೆ. ನನ್ನ ಬಟ್ಟೆ ಆ ಭುಜಕ್ಕೆ ಸಾಲಲಿಲ್ಲ.
"ನನ್ ಥರ ಮಾಡ್ಕೊಳ್ಳಿ ಅಂತ ನಾನ್ಯಾರಿಗೆ ಹೇಳಿದ್ದೆ?
ನಾನು ಆಡೋನು. ಮೇಷ್ಟ್ರಲ್ಲ."
ಕನ್ನಡಿಯ ಮೇಲೆ ಹೇರ್‌ಕ್ರೀಮಿನವರು ಕೊಟ್ಟ ಬೋರ್ಡು,
ಅದರಲ್ಲಿ ಅವನೇ, ಬೆರಳು ತೋರಿಸಿ: ನನ್ನಂತಾಗು.
ನಾನೇನೂ ಅನ್ನಲಿಲ್ಲ. ಅವನೇ ತಲೆಯೆತ್ತಿ ಓದಿಕೊಂಡ.
"ಅದಕ್ಕೆ ದುಡ್ಡು ಕೊಟ್ಟರು," ಅಂದ, ಸಣ್ಣಗೆ.
"ನನಗೂ ಬಂತಪ್ಪ," ಅಂದೆ. "ಗೆರೆಗೆ ಹತ್ತು ರೂಪಾಯಿ."

ಬ್ಲೇಡು ಹಾಕಲಿಲ್ಲ. ಬಟ್ಟೆ ಬಿಚ್ಚಿ ಕೊಡವಿದೆ.
ಬೆಳಿಗ್ಗೆ ಬಾ, ಶಟರ್ ಪೂರ್ತಿ ಎತ್ತಿರ್ತೀನಿ.

ಬರುತ್ತಾನೆ ಅಂದುಕೊಂಡಿರಲಿಲ್ಲ. ಬಂದ.
ಬೆಂಚಿನ ತುದಿಯಲ್ಲಿ ಸರದಿಗೆ ಕೂತ, ಹೆಲ್ಮೆಟ್ಟು ತೊಡೆಯ ಮೇಲೆ.
ತಬ್ರೇಜ್ ಆಗಲೇ ಹಲಗೆ ಹತ್ತಿದ್ದ.
ಕನ್ನಡಿಯಲ್ಲೇ ನೋಡಿದ, ತಿರುಗಲಿಲ್ಲ.
"ಅಣ್ಣಾ, ಗೊತ್ತಿದ್ದೂ ತಗೊಂಡ್ರಾ?"

ಎದುರು ಅಂಕಣಕ್ಕೆ ಹೋದವನು
ನಡುಗೆರೆ ಮುಟ್ಟುವ ತನಕ ಒಂದೇ ಉಸಿರಲ್ಲಿರಬೇಕು,
ಕಬಡ್ಡಿಯಲ್ಲಿ ಅದೇ ನಿಯಮ.
ಅವನು ಎಷ್ಟು ಹೊತ್ತು ಹಿಡಿದಿದ್ದನೋ. ಫ್ಯಾನು ತಿರುಗುತ್ತಿತ್ತು.
"ಮೊಣಕಾಲು ನೋಯ್ತಿತ್ತು ಕಣೋ. ಸೀಸನ್ ಒಂದು ಮುಗೀಲಿ ಅಂತ..."
ಅಷ್ಟಕ್ಕೆ ನಿಲ್ಲಿಸಿದ. ಆಮೇಲೆ,
"ಗೊತ್ತಿತ್ತು."

ಹುಡುಗ ಅವನಿಗೆ ಏನೂ ಹೇಳಲಿಲ್ಲ. ನನಗೆ ಹೇಳಿದ:
"ಬೋಳಿಸಬೇಡಿ. ಬೆಳೀಲಿ. ಮೇಷ್ಟ್ರಿಗೆ ನಾನೇ ಹೇಳ್ಕೋತೀನಿ."
ಇಳಿಯುವಾಗ ಹಲಗೆ ಜಾರಿತು.
ಬೆಂಚಿನಿಂದ ಚಲಪತಿ ಚಂಗನೆ ಎದ್ದು ಹಿಡಿದ,
ಹಿಡಿದವನು ಅದನ್ನು ಎಲ್ಲಿಡುವುದೆಂದು ತಿಳಿಯದೆ
ಎರಡೂ ಕೈಯಲ್ಲಿ ಹೊತ್ತು ನಿಂತಿದ್ದ.
ಬಾಗಿಲಲ್ಲಿ ಯಾರೋ ಕೇಳಿದರು, ಈಗ ಯಾರ ಸರದಿ?